ತೊಳೆದ ತುತ್ತೂರಿ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ನನ್ನ ಅಂಗಡಿ,
ಆಂಪ್ಲಿಫೈಯರ್ ರಿಪೇರಿ, ಕೇಳಿದವರಿಗೆ ಹಳೇ ಸಂಗೀತ.
ಎಬೆನೇಜರ್ ಮೇಷ್ಟ್ರು ಬಂದರು. ಮದುವೆ ಬ್ಯಾಂಡಿನಲ್ಲಿ
ಮೂವತ್ತೆರಡು ವರ್ಷ ಟ್ರಂಪೆಟ್ ಊದಿದ ತುಟಿ,
ಈಗ ಕಾಫಿ ಊದಿ ಆರಿಸುವುದಕ್ಕಷ್ಟೇ.

ಜಾಜ್‌ನವನ ಒಂದೇ ರೆಕಾರ್ಡು, ಮೂರು ಕಡೆ ತೊಳೆದದ್ದು.
ಯಾವುದು ಬೇಕು ಸಾರ್?

ಮೊದಲನೆಯದರಲ್ಲಿ ಒಗ್ಗರಣೆಯ ಚಟಪಟ ಹಾಗೇ ಇದೆ,
ಅದರಾಚೆ ಎಲ್ಲೋ ಆತ ಊದುತ್ತಿದ್ದಾನೆ,
ಪಕ್ಕದ ಮನೆಯಲ್ಲಿ ಅಡುಗೆ ಆಗುತ್ತಿರುವಂತೆ.
ನನಗೆ ಇದೇ ಇಷ್ಟ. ಹೇಳಲಿಲ್ಲ.
ಎರಡನೆಯದಕ್ಕೆ ಯಾರೋ ಕಲ್ಯಾಣಮಂಟಪದ ಮಾರ್ದನಿ ಹಚ್ಚಿದ್ದಾರೆ;
ಮೇಷ್ಟ್ರು ಹೆಡ್‌ಫೋನು ಕಿತ್ತಿಟ್ಟರು:
'ಇಂಥಲ್ಲೇ ಊದೀ ಊದೀ ಸಾಕಾಗಿದೆ ಕಣಯ್ಯ.'

ಮೂರನೆಯದು ಬರೀ ಸ್ವಚ್ಛ. ಆಸ್ಪತ್ರೆಯ ಹಾಸಿಗೆಯಷ್ಟು.
ಮಂಡಿಯ ಮೇಲೆ ಮೂರು ಬೆರಳು ಏಳುತ್ತ ಬೀಳುತ್ತ
ಆ ಎತ್ತರದ ಸ್ವರ ಬಂದಾಗ ನಿಂತವು.
'ಹಿಂದಕ್ಕೆ ಹಾಕು.'
ಹಾಕಿದೆ.
'ಇನ್ನೊಂದ್ಸಲ.'

ಧೂಳು ಇಷ್ಟು ವರ್ಷ ಮುಚ್ಚಿಟ್ಟಿತ್ತು:
ಆತನಿಗೂ ಅದು ಸಿಕ್ಕಿಲ್ಲ. ಒಂದು ಕೂದಲೆಳೆ ಕೆಳಗೆ
ಜಾರಿ, ನುಂಗಿ, ಏನೂ ಆಗದವನಂತೆ ಮುಂದೆ ಹೋಗಿದ್ದಾನೆ.

'ಹಲ್ಲು ಸರಿಯಿಲ್ಲ ಅಂದ್ಕೊಂಡಿದ್ದೆ.
ತುಟಿ ದಪ್ಪ ಅಂದ್ಕೊಂಡಿದ್ದೆ.
ಮಿಷನ್ ಕಾಂಪೌಂಡಿನ ಹಿಂದೆ, ಬೆಳಗಿನ ಜಾವ,
ಬೀದಿನಾಯಿಗಳ ಮುಂದೆ ಈ ಒಂದಕ್ಕೇ
ತುಟಿ ಒಡೆದು ರಕ್ತ ಬರೋವರೆಗೆ...'

ನಕ್ಕರು. ಆಮೇಲೆ ನಗಲಿಲ್ಲ.
ಮೂರನೆಯದನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು
ಚಿಲ್ಲರೆ ಮರೆತು ಹೋದರು.

ರಾತ್ರಿ ಷಟರ್ ಅರ್ಧ ಎಳೆದು
ನನ್ನ ಒಗ್ಗರಣೆಯದನ್ನು ಹಾಕಿದೆ.
ಈಗ ಅದರಲ್ಲೂ
ಆತ ಜಾರುವುದು ಕೇಳಿಸುತ್ತದೆ.