ಇಂಚಿಗೊಂದು ಲೋಟ

ರವಿಕೆ ಹೊಲಿಯುವವಳು ನಾನು. ಮಾನಖುರ್ದಿನ ಈ ಗಲ್ಲಿಯಲ್ಲಿ
ಬಾಗುಪಟ್ಟಿ ಇರುವುದು ನನ್ನೊಬ್ಬಳ ಹತ್ತಿರ,
ಅದಕ್ಕೇ ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು.

ಲೆಕ್ಕ ಬರೆದವಳು ಎಂಟನೇ ಇಯತ್ತೆಯ ತಸ್ಲೀಮ.
ಇಪ್ಪತ್ತಾರು ಮನೆ, ಹನ್ನೊಂದು ದಿನ,
ಯಾರು ಎಷ್ಟೊತ್ತಿಗೆ ಎಷ್ಟು ನೀರು ಕುಡಿದರು.
ಮೊದಲ ದಿನ ಎಲ್ಲರೂ ನಕ್ಕರು,
ಎರಡನೆಯ ದಿನ ಸುಳ್ಳು ಹೇಳಿದರು,
ಮೂರನೆಯ ದಿನದಿಂದ
ಅವಳು ಕೇಳುವ ಮೊದಲೇ ಲೋಟ ಎತ್ತಿ ತೋರಿಸಿದರು.

ಕಾಗದ ಖಾಕಿ, ಕಟಿಂಗಿನದು. ಸೀಮೆಸುಣ್ಣ ನೀಲಿ, ಕೆಂಪು.
ಇಂಚಿಗೊಂದು ಲೋಟ ಎಂದು ಅಳತೆ ಹಿಡಿದೆ.
ಗಂಡಸರ ಗೆರೆ ಬೆಳಗಿನಿಂದ ರಾತ್ರಿಯ ತನಕ
ಹಾರ್ಬರ್ ಲೈನಿನ ಹಳಿಯ ಹಾಗೆ ಸಮನಾಗಿ ಹೋಯಿತು.
ಹೆಂಗಸರದು ನಾಲ್ಕು ಗಂಟೆಯವರೆಗೆ ಜೊತೆಗೇ ಬಂದು
ಅಲ್ಲಿ, ಕಂಕುಳಿನ ಬಾಗು ಕತ್ತರಿಸಿದ ಹಾಗೆ,
ಕೆಳಗೆ ಬಿತ್ತು.

ಎಷ್ಟೋ ಕಂಕುಳು ಕತ್ತರಿಸಿದ್ದೇನೆ,
ಇಷ್ಟು ಆಳ ಯಾರಿಗೂ ಇಟ್ಟವಳಲ್ಲ.
ತಪ್ಪಿತೆಂದು ಟೇಪು ಹಿಡಿದು ಮತ್ತೆ ಅಳೆದೆ.
ರಾತ್ರಿ ಹತ್ತು ದಾಟಿದ ಮೇಲೆ ಗೆರೆ ನೆಲಕ್ಕೇ ಅಂಟಿತ್ತು.

ವಾರ್ಡ್ ಆಫೀಸಿನ ಗೋಡೆಗೆ ಗುಂಡುಸೂಜಿ ಚುಚ್ಚಿ ನೇತುಹಾಕಿದೆವು.
ಇಂಜಿನಿಯರ್ ಸಾಹೇಬರು ಒಳ್ಳೆಯವರು. ಕನ್ನಡಕ ಏರಿಸಿ
“ಸಂಜೆ ನಳ ಬರುವುದಿಲ್ಲವೇ? ಪೈಪು ಬದಲಿಸೋಣ” ಎಂದರು.
ಹೇಳಲೆಂದು ಬಾಯಿ ತೆರೆದ ತಸ್ಲೀಮ
ಶಬ್ದ ಸಿಗದೆ ನನ್ನ ಕಡೆ ನೋಡಿದಳು.
ನನಗೂ ಸಿಗಲಿಲ್ಲ.

ಇಂಡಿ ಕಡೆಯ ನೀಲಗಂಗವ್ವ ಎದ್ದಳು. ಅಂದದ್ದು ಮರಾಠಿ ಕಲೆಸಿ,
ನನಗೆ ಕೇಳಿಸಿದ್ದು ಕನ್ನಡವೇ:
“ನೀರು ಐತ್ರೀ ಸಾಹೇಬ್ರ. ಕೊಡ ತುಂಬ ಐತಿ.
ಕುಡದ್ರ ಹೋಗೂದು ಎಲ್ಲಿ?
ಹತ್ತಕ್ಕ ನಿಮ್ಮ ಕಂತ್ರಾಟುದಾರ ಸಂಡಾಸಕ್ಕ ಕೀಲಿ ಹಾಕ್ತಾನ.
ಗಂಡಸ್ರಿಗೆ ನಾಲಾದ ಗ್ವಾಡಿ ಐತಿ.
ನಾವು ನಾಕಕ್ಕನ ನಮ್ಮ ಹೊಟ್ಟಿಗೆ ಕೀಲಿ ಹಾಕ್ಕೊಂತೀವಿ.”

ಅಷ್ಟರಲ್ಲಿ ಜವಾನ ತಟ್ಟೆಯಲ್ಲಿ ನೀರು ತಂದ.
ನಾವು ಏಳು ಜನ, ಏಳು ಲೋಟ.
ಕೈಗಳು ಮುಂದಾಗಿದ್ದವು.
ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು.
ಕೈಗಳು ಸೆರಗಿಗೆ ಮರಳಿದವು.
ಇದು ನಾವು ಮಾತಾಡಿಕೊಂಡು ಬಂದ ಆಟವಲ್ಲ, ದೇವರಾಣೆ.
ಸಾಹೇಬರು ಲೋಟಗಳನ್ನು ನೋಡಿದರು, ಕಾಗದ ನೋಡಿದರು,
ಅರ್ಧ ಕುಡಿದ ತಮ್ಮ ಲೋಟವನ್ನು ಕೆಳಗಿಟ್ಟರು.

ಈಗ ಕೀಲಿ ಹನ್ನೆರಡಕ್ಕೆ ಬೀಳುತ್ತದೆ. ಬರೆದುಕೊಟ್ಟಿದ್ದಾರೆ.
ಹನ್ನೆರಡರ ಮೇಲೆ ಹೊಟ್ಟೆಗೇನು ರಜೆಯೇ ಎಂದು
ನೀಲಗಂಗವ್ವ ಇವತ್ತೂ ಬಯ್ಯುತ್ತಾಳೆ.
ತಸ್ಲೀಮ ಹೊಸ ನೋಟುಬುಕ್ಕು ಕೊಂಡಿದ್ದಾಳೆ. ಗೆರೆ ಬೀಳುವ ಜಾಗ
ನಾಲ್ಕರಿಂದ ಆರಕ್ಕೆ ಸರಿದಿದೆ,
ತಗ್ಗು ಮುಕ್ಕಾಲು ಇಂಚು ಮೇಲೆ ಬಂದಿದೆ.

ಕಾಗದ ಮಡಚಿ ಮಷೀನಿನ ಕೆಳಗೆ ಇಟ್ಟಿದ್ದೇನೆ.
ಬೆಳೆಯುವ ಹುಡುಗಿಯರ ರವಿಕೆಗೆ
ಹೊಲಿಗೆಯೊಳಗೆ ಬಟ್ಟೆ ಬಿಡುವುದು ನಮ್ಮ ರೂಢಿ.
ಇದಕ್ಕೂ ಬಿಟ್ಟಿದ್ದೇನೆ,
ಬಲಗಡೆ, ಎರಡು ಗೇಣು.