ಈ ಕಡೆ ಬಂದಿದ್ದೆ

ಸಿಂಧನೂರು, ಗಂಗಾವತಿ ರಸ್ತೆ, ರಸಗೊಬ್ಬರದಂಗಡಿಯ ಮೇಲಿನ ಕೋಣೆ.
ಸಂಜೆ ಆರರ ಕ್ಲಾಸು. ಹನ್ನೊಂದು ಕುರ್ಚಿ, ಒಂದರ ಹಲಗೆ ಮುರಿದಿದೆ.
ಕೆಳಗೆ ಲಾರಿ ಹಿಂದಕ್ಕೆ ಸರಿಯುವ ಸದ್ದು ನಿಲ್ಲಲಿ ಎಂದು ಕಾದು
ಬೋರ್ಡಿನ ಮೇಲೆ ಬರೆದೆ:
ಡ್ರಾಪ್ ಇನ್. ಡ್ರಾಪ್ ಬೈ. ಸ್ಟಾಪ್ ಬೈ. ಪಾಪ್ ಇನ್. ಕಮ್ ಓವರ್.

ಹುಸೇನಪ್ಪ ಕೈಯೆತ್ತಿದ. ಬ್ಯಾಂಕಿನ ಪರೀಕ್ಷೆ ಮೂರು ಸಲ ಬರೆದವನು,
ಪ್ರತಿ ಶಬ್ದಕ್ಕೂ ರಸೀದಿ ಕೇಳುತ್ತಾನೆ.
"ಡ್ರಾಪ್ ಅಂದ್ರ ಬೀಳೋದು, ಇನ್ ಅಂದ್ರ ಒಳಗ.
ಮಂದಿ ಮನಿಯೊಳಗ ಹೋಗಿ ಬೀಳೋದೇನ್ರಿ ಮೇಡಂ?"

ಎಲ್ಲರೂ ನಕ್ಕರು, ನಾನೂ.
ಬೀಳುವುದಲ್ಲಪ್ಪ, ಹೇಳದೆ ಕೇಳದೆ ಹೋಗಿ ಮಾತಾಡಿಸಿ ಬರುವುದು.
ಇನ್ ಅಂದರೆ ಹೊಸ್ತಿಲು ದಾಟಿ ಒಂದಿಷ್ಟು ಕೂತವರು.
ಬೈ ಅಂದರೆ ಎಲ್ಲಿಗೋ ಹೊರಟು ನಡುವೆ ನಿಂತವರು.
ಪಾಪ್ ಅಂದರೆ ಬಾಣಲೆಯಲ್ಲಿ ಜೋಳದ ಅಳ್ಳು ಸಿಡಿದ ಹಾಗೆ,
ಬಂದರು, ಹೋದರು.
ಓವರ್‌ಗೆ ಏನು ಹೇಳಲಿ?
ಓಣಿ ದಾಟಿ, ಗಟಾರ ದಾಟಿ, ಸಂಕೋಚ ದಾಟಿ...
"ಇದನ್ನೂ ಬರ್ಕೋಬೇಕೇನ್ರಿ?" ಅಂದಳು ಖಾಜಾಬಿ.

"ನಮ್ಮ ಮಾವ ವಕ್ಕರಿಸ್ತಾನಲ್ರಿ, ಅದಕ್ಕ?" ಹಿಂದಿನ ಸಾಲಿನಿಂದ ಯಾರೋ.
ಅದಕ್ಕೆ ಬೇರೆ ಇದೆ, ನಾಳೆ.

ಆರ್.ಎಚ್. ಕ್ಯಾಂಪಿನ ಶೆಫಾಲಿ ಮಂಡಲ್, ನರ್ಸಿಂಗ್ ಎರಡನೇ ವರ್ಷ,
ಬಾಯಿ ತೆರೆಯುವುದೇ ಅಪರೂಪ. ಕೇಳಿದಳು:
"ಹೋಗುವಾಗ ಏನಂತಾರೆ ಮಿಸ್?
ಇಲ್ಲಿ ಬರ್ತೀನಿ ಅಂತಾರೆ.
ನಮ್ಮಜ್ಜಿ ಆಶಿ ಅಂತಾಳೆ, ಅದೂ ಬರ್ತೀನೇ. ಇವರು?"
ಇವರು ಐ ಶುಡ್ ಗೆಟ್ ಗೋಯಿಂಗ್ ಅಂತಾರೆ.
"ಹೋಗೇಬಿಡ್ತಾರೇನ್ರಿ!" ಹುಸೇನಪ್ಪ.
ಹೂಂ. ಹೋಗೇಬಿಡುತ್ತಾರೆ.

ವಾಕ್ಯ ಕೊಡಿ ಎಂದರು. ಕೈ ತಾನೇ ಬರೆಯಿತು:
ಅಂಬಮ್ಮ ಡ್ರಾಪ್ಸ್ ಇನ್ ಎವರಿ ಈವ್ನಿಂಗ್.
ಬರೆದ ಮೇಲೆ ಕಂಡಿತು, ಕಾಲ ತಪ್ಪಾಗಿದೆ.
ಕೊನೆಯ ಎಸ್ ಒರೆಸಿ, ಇನ್ನೊಂದು ಪಿ, ಇ, ಡಿ.
ಎಸ್ ಪೂರ್ತಿ ಹೋಗಲಿಲ್ಲ.

ಎರಡು ಖಾಲಿ ಪ್ಲಾಟಿನ ಆಚೆ ಅವಳ ಮನೆ.
ಸ್ಟೀಲಿನ ಬಟ್ಟಲು ಸೆರಗಿನಲ್ಲಿ ಹಿಡಿದು ಬರುತ್ತಿದ್ದಳು.
"ಹೆಪ್ಪಿಗೆ ಒಂದು ಚಮಚೆ ಮೊಸರು ಕೊಡ್ರಿ. ಈ ಕಡೆ ಬಂದಿದ್ದೆ."
ಮನೆಯಲ್ಲಿ ಎರಡು ಎಮ್ಮೆ ಕಟ್ಟಿದವಳು!
ಆ ಒಂದು ಚಮಚೆಗೆ ಒಂದು ತಾಸು:
ಸೊಸೆಯ ಮೌನ, ಸೊಂಟದ ನೋವು,
ಧಾರಾವಾಹಿಯಲ್ಲಿ ಸತ್ತವಳು ಬೇರೆ ಮುಖ ಹೊತ್ತು ಮರಳಿದ್ದು.
ಏಳುವಾಗ ಬಟ್ಟಲು ಮರೆತು,
ಬಟ್ಟಲಿಗಾಗಿ ಮತ್ತೆ ನಾಳೆ.

ಒಂದಿನ ಉತ್ತರಪತ್ರಿಕೆಯ ರಾಶಿ, ತಲೆನೋವು, ನಾನೇ ಅಂದೆ,
"ಬರೋ ಮುಂಚೆ ಒಂದು ಫೋನ್ ಹಚ್ರಿ ಅಂಬಮ್ಮ."
ಹೂಂನ್ರಿ ಅಂದಳು. ನಂಬರೂ ಬರೆಸಿಕೊಂಡಳು, ಅಂಗೈ ಮೇಲೆ.

ಫೋನ್ ಬರಲಿಲ್ಲ.
ಕಾಲುವೆಗೆ ನೀರು ಬಂತು, ನಿಂತಿತು, ಬಂತು.
ಭತ್ತ ಎರಡು ಸಲ ಕಟಾವಾಯಿತು.
ಅವಳ ಬಟ್ಟಲಿನಲ್ಲಿ ನಾನು ಕಿತ್ತುಬಿದ್ದ ಗುಂಡಿ ಹಾಕಿಡುತ್ತಿದ್ದೆ.

ಅವತ್ತು ಎಂಟಕ್ಕೆ ಕ್ಲಾಸು ಬಿಟ್ಟು ಬಂದವಳು ಗುಂಡಿಗಳನ್ನು ಸುರುವಿ,
ಬಟ್ಟಲು ತೊಳೆದು ಹೊರಟೆ.
ಅಂಗಳದಲ್ಲಿ ಎಮ್ಮೆ ತಲೆಯೆತ್ತಿ ನೋಡಿ ಮತ್ತೆ ಮೆಲುಕಿಗೆ ಇಳಿಯಿತು.
ಬಲ್ಬಿನ ಕೆಳಗೆ ಅಂಬಮ್ಮ, ಮುಂದೆ ಪುಂಡಿಪಲ್ಯದ ಗುಡ್ಡೆ.
ಕಲಿಸಿದ ಐದರಲ್ಲಿ ಒಂದೂ ಬಾಯಿಗೆ ಬರಲಿಲ್ಲ.
"ಈ ಕಡೆ ಬಂದಿದ್ದೆ" ಎಂದೆ.

ಅವಳು ಕತ್ತೆತ್ತಲಿಲ್ಲ.
"ದಾರಿ ತಪ್ಪಿತೇನ್ರಿ ಟೀಚರಮ್ಮ?
ಫೋನ್ ಹಚ್ಚಿದ್ರ ಚಾಪಿ ಹಾಸಿಡ್ತಿದ್ದೆ."

ಬಟ್ಟಲು ಹಿಡಿದು ನಿಂತೇ ಇದ್ದೆ.
ಎಮ್ಮೆ ಮೆಲುಕು ಹಾಕುವುದು ಅಷ್ಟು ಜೋರಾಗಿ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ.

ಆಮೇಲೆ ಕಾಲಿನಿಂದ ಒಂದು ಮಣೆ ನೂಕಿದಳು ನನ್ನತ್ತ,
ಅದರ ಹಿಂದೆ ಪಲ್ಯದ ಅರ್ಧ ಗುಡ್ಡೆ.
"ಕಡ್ಡಿ ಉಳೀಬಾರದು ನೋಡ್ರಿ."