ಇಪ್ಪತ್ತು ಮಿಲಿಸೆಕೆಂಡು

ಏನ್ ಕೆಲಸ ಮಾಡ್ತಿ ಅಂತ ಕೇಳಿದವರಿಗೆ
ಫೋನ್ ಮಲಗಸ್ತೀನಿ, ಎಬ್ಬಸ್ತೀನಿ ಅಂದೆ.
ನಕ್ಕರು. ನಗಲಿ. ಅಷ್ಟೇ ಕೆಲಸ.
ಪರದೆಯ ಮೇಲಿನ ಬಣ್ಣ ನನ್ನದಲ್ಲ,
ಬೆರಳಿಗೆ ಜಾರುವ ಚಿತ್ರಗಳು ನನ್ನವಲ್ಲ;
ನೆಲಮಾಳಿಗೆಗೂ ಕೆಳಗೊಂದು ನೆಲಮಾಳಿಗೆ,
ಫೋನು ಕಣ್ಣು ಮುಚ್ಚುವ ಜಾಗ,
ಒಂಬೈನೂರು ಸಾಲು ಸಿ ಭಾಷೆ,
ಅದಕ್ಕೆ ನಾನು ಹೊಣೆ.

ಶಾಪೇಟಿ ಗಲ್ಲಿ, ಮಾಳಿಗೆ ಮೇಲಿನ ಖೋಲಿ.
ಮೇಜಿನ ಮೇಲೆ ಬೆನ್ನು ಬಿಚ್ಚಿದ ಏಳು ಫೋನು,
ಕಂಪನಿ ಮಾರುವುದನ್ನು ಬಿಟ್ಟು ಆರು ವರ್ಷವಾಗಿ
ಇನ್ನೂ ಜನರ ಜೇಬಿನಲ್ಲಿರುವಂಥವು.

ಹೋದ ವೈಶಾಖದಲ್ಲಿ ಒಂದು ಸಾಲು ಕಂಡೆ.
ಎಚ್ಚರಾದ ಮೇಲೆ, ಗಡಿಯಾರ ಓದುವ ಮುಂಚೆ,
ಇಪ್ಪತ್ತು ಮಿಲಿಸೆಕೆಂಡು ಸುಮ್ಮನೆ ನಿಲ್ಲು
ಅಂತ ಯಾರೋ ಹನ್ನೊಂದು ವರ್ಷದ ಹಿಂದೆ ಬರೆದದ್ದು.
ಪಕ್ಕಕ್ಕೆ ಟಿಪ್ಪಣಿ: ಮುಟ್ಟಬೇಡಿ.
ಕಾರಣವಿಲ್ಲ. ಹೆಸರಿನ ಜಾಗದಲ್ಲಿ ಎರಡಕ್ಷರ.
ಆ ವಿಳಾಸಕ್ಕೆ ಬರೆದ ಪತ್ರ
ಅದೇ ನಿಮಿಷ ವಾಪಸು ಬಂತು.

ಸುಮ್ಮನೆ ನಿಲ್ಲುವುದು ನನಗೆ ಆಗದ ಕೆಲಸ.
ಕಾರಣ ಹೇಳದವರ ಮಾತು ಕೇಳುವುದು ಇನ್ನೂ ಆಗದ್ದು.
ಹೊರಗೆ ನಲವತ್ತೆರಡು ಡಿಗ್ರಿ.
ಅಳಿಸಿದೆ.
ಏಳೂ ಫೋನು ಸಾವಿರ ಸಲ ಮಲಗಿಸಿ
ಸಾವಿರ ಸಲ ಎಬ್ಬಿಸಿದೆ. ಒಂದೂ ತಪ್ಪಲಿಲ್ಲ.
ಸ್ವಚ್ಛ ಮಾಡಿದೆ ಅಂತ ಬರೆದು ಕಳಿಸಿ
ಮಜ್ಜಿಗೆ ಕುಡಿದು ಮಲಗಿದೆ.

ಮಾಗಿ ಬಂತು.
ವಿಜಯಪುರದ ಚಳಿ ಹೊರಗಿನವರಿಗೆ ಗೊತ್ತಿಲ್ಲ.
ಕರಿಕಲ್ಲು ರಾತ್ರಿಯೆಲ್ಲ ಅದನ್ನು ಕುಡಿದಿಟ್ಟು
ಬೆಳಗಿನ ಜಾವ ಅಂಗಾಲಿಗೆ ಕೊಡುತ್ತದೆ.
ಕೆಳಗಿನ ಮನೆಯ ನೀಲಗಂಗವ್ವ ಹೊಸಮನಿ,
ಐದೂ ಮುಕ್ಕಾಲರ ತಾಳಿಕೋಟಿ ಬಸ್ಸಿನ ಕಂಡಕ್ಟರು,
ಮೆಟ್ಟಿಲು ಹತ್ತಿ ಬಂದು ಫೋನು ಮೇಜಿಗಿಟ್ಟಳು.
“ವಾರದಾಗ ಮೂರು ದಿನ ಅಲಾರಾಮ್ ಹೊಡಿಲಿಲ್ಲ.
ಡಿಪೋದಾಗ ಮೆಮೋ ಕೊಟ್ಟಾರ.
ಎಬ್ಬಸಾಂವ ನೀನ ಹೌದಲ್ಲೋ?”
ರಾತ್ರಿ ಎಲ್ಲಿಡ್ತೀ ಅಂದೆ.
“ಕಿಡಕಿ ಕಟ್ಟಿ ಮ್ಯಾಲ. ಅಲ್ಲಷ್ಟ ಸಿಗ್ನಲ್.”

ಆ ರಾತ್ರಿ ನನ್ನ ಕಿಟಕಿ ಕಟ್ಟೆಯ ಮೇಲೆ ಅವಳ ಫೋನು,
ಹೊಟ್ಟೆಗೆ ಮೂರು ತಂತಿ.
ಚಾದರ ನಾನು ಹೊದ್ದೆ, ಅದಕ್ಕೆ ಹೊದಿಸಲಿಲ್ಲ.
ನಾಲ್ಕೂ ಹತ್ತಕ್ಕೆ ಕಂಡಿತು:
ಅಕ್ಕಿಕಾಳಿಗಿಂತ ಸಣ್ಣ ಸ್ಫಟಿಕ,
ಸೆಕೆಂಡಿಗೆ ಎರಡು ಕೋಟಿ ಅರವತ್ತು ಲಕ್ಷ ಸಲ ನಡುಗುವಂಥದು,
ಎಲ್ಲರೂ ನಡುಗುವ ಚಳಿಯಲ್ಲಿ
ಅದೊಂದೇ ನಡುಗಲು ತಡ ಮಾಡುತ್ತಿತ್ತು.
ಹದಿನಾರು. ಹದಿನೇಳು. ಆಮೇಲೆ ಲಯ ಹಿಡಿಯುತ್ತಿತ್ತು.
ಅಷ್ಟರೊಳಗೆ ನನ್ನ ಸ್ವಚ್ಛ ಕೋಡು
ಗಡಿಯಾರ ಓದಿ, ಸೊನ್ನೆ ಕಂಡು,
ಇನ್ನೂ ಹೊತ್ತಾಗಿಲ್ಲ, ಮಲಕ್ಕೋ, ಅಂದುಬಿಟ್ಟಿರುತ್ತಿತ್ತು.

ಬೆಳಕಾದಾಗ ಗಲ್ಲಿಯಲ್ಲಿ ಗಟಾರಕ್ಕೆ ಅಗೆಯುತ್ತಿದ್ದರು.
ಜೆಸಿಬಿಯ ಹಲ್ಲಿಗೆ ಸುಟ್ಟ ಮಣ್ಣಿನ ಕೊಳವೆ ಸಿಕ್ಕಿತು,
ಬಾದಶಾಹಿ ಕಾಲದ್ದು ಅಂದರು ಯಾರೋ.
ಡ್ರೈವರ್ ಇಳಿದು, ಮಂಡಿಯೂರಿ, ಕಿವಿ ಹಚ್ಚಿದ.
ನೀರು ಐತೋ ಇಲ್ಲೋ ಹೇಳಲಿಲ್ಲ.
ಕೈಯಿಂದಲೇ ಮಣ್ಣೆಳೆದು ಮುಚ್ಚಿ
ಗಟಾರವನ್ನು ಒಂದು ಗೇಣು ಆಚೆಗೆ ಸರಿಸಿದ.

ಸಾಲು ವಾಪಸು ಹಾಕಿದೆ.
ಮುಟ್ಟಬೇಡಿ ಎಂಬುದರ ಕೆಳಗೆ ಬರೆದೆ:
ಚಳಿಯಲ್ಲಿ ಸ್ಫಟಿಕಕ್ಕೆ ಹದಿನೇಳು ಬೇಕು.
ಅಳೆದದ್ದು ವಿಜಯಪುರದಲ್ಲಿ, ಕಿಟಕಿ ಕಟ್ಟೆ, ಒಂಬತ್ತು ಡಿಗ್ರಿ.
ಬೇಸಿಗೆಯಲ್ಲಿ ಪರೀಕ್ಷೆ ಮಾಡಿ ಅಳಿಸಬೇಡಿ.
ನಾನು ಅಳಿಸಿದ್ದೆ.

ಉಳಿದ ಮೂರು ಮಿಲಿಸೆಕೆಂಡು
ಆ ಎರಡಕ್ಷರದವರು ಯಾರಿಗೆ ಎತ್ತಿಟ್ಟರೋ,
ಇದಕ್ಕಿಂತ ತಣ್ಣನೆಯ ಕಟ್ಟೆ ಯಾವುದನ್ನು ಕಂಡಿದ್ದರೋ.
ಇರಲಿ ಅಂತ ಬಿಟ್ಟೆ.

ಮರುದಿನ ನಾಲ್ಕೂವರೆಗೆ ಕೆಳಗೆ ಅಲಾರಾಮು ಹೊಡೆಯಿತು.
ಹೊಡೆಯುತ್ತಲೇ ಇತ್ತು.
ಇಣುಕಿದರೆ ನೀಲಗಂಗವ್ವ ಆಗಲೇ ಎದ್ದು
ಖಾಕಿ ಹಾಕಿಕೊಂಡು, ಕೈಯಲ್ಲಿ ಚಾ ಹಿಡಿದು
ಕಟ್ಟೆಯ ಮುಂದೆ ನಿಂತಿದ್ದಳು,
ಅದು ಏಳತೈತೋ ಇಲ್ಲೋ ನೋಡಾಕ.